ಬಾಗಿಲು ಕಾಯುವವರ ಹಿಂದಿನ ಮುಖ

ಅಕ್ಕ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಶುಕ್ರವಾರ ಬೆಳಿಗ್ಗೆ ಚೌಕಟ್ಟು ನಿಲ್ಲಿಸ್ತಾರೆ. ಅವ್ವನ ಕಾಸು ತಗೊಂಡ್ ಬಾ. ಹೊಸ್ತಿಲ ಕೆಳಗೆ ಹಾಕ್ಬೇಕು."

ಕೆ.ಆರ್. ಪುರದ ಆಚೆ ಅಕ್ಕ, ಭಾವ ಮನೆ ಕಟ್ಟಿಸುತ್ತಿದ್ದರು. ಮುಂಬಾಗಿಲಿನ ಚೌಕಟ್ಟು ನಿಲ್ಲಿಸುವಾಗ ಹೊಸ್ತಿಲ ಕೆಳಗೆ ನವಧಾನ್ಯ, ಪಂಚಲೋಹದ ಚೂರು, ಒಂದೆರಡು ಹಳೆಯ ನಾಣ್ಯ ಹಾಕಿ ಸಿಮೆಂಟ್ ಮುಚ್ಚುವುದು ಎಲ್ಲರೂ ಮಾಡುವುದೇ. ಹಳೆಯ ನಾಣ್ಯ ಎಂದರೆ ನಮ್ಮಲ್ಲಿ ಇದ್ದದ್ದು ಒಂದೇ. ಅವ್ವನ ದೇವರ ಗೂಡಿನಲ್ಲಿದ್ದದ್ದು. ಅವ್ವ ಹೋದ ಮೇಲೆ ದೇವರ ಪೆಟ್ಟಿಗೆಯ ಸಮೇತ ಕಗ್ಗದಾಸಪುರದ ನನ್ನ ಬಾಡಿಗೆ ಮನೆಗೆ ಬಂದದ್ದು.

"ಅದೇನು ಅಂತಾನೇ ನಮಗೆ ಗೊತ್ತಿಲ್ವಲ್ಲ ಅಕ್ಕ," ಎಂದೆ.

"ಏನಾದ್ರೇನು? ಅವ್ವ ಹೇಳಿದ್ಲು, ನಿಮ್ಮಿಬ್ಬರಲ್ಲಿ ಯಾರು ಮನೆ ಕಟ್ಟಿದ್ರೂ ಬಾಗಿಲ ಕೆಳಗೆ ಹಾಕಿ ಅಂತ."

"ಯಾವಾಗ ಹೇಳಿದ್ಲು?"

"ನೀನೂ ಅಲ್ಲೇ ಇದ್ದೆ ಕಣೋ. ಬೆಲ್ಲ ಕದ್ದು ತಿಂತಾ ಕೂತಿದ್ದೆ."

ನಾನೂ ಅಲ್ಲೇ ಇದ್ದೆನಂತೆ. ಬೆಲ್ಲದ ರುಚಿಯಾದರೂ ನೆನಪಿಗೆ ಬರಬೇಕಿತ್ತು, ಬರಲಿಲ್ಲ. ಒಂದು ಮಾತು ಮಾತ್ರ ಖಚಿತವಾಗಿತ್ತು. ಸಿಮೆಂಟಿನ ಅಡಿ ಹೋದ ಮೇಲೆ ಆ ಕಾಸನ್ನು ಇನ್ನು ಯಾರೂ ನೋಡುವಂತಿಲ್ಲ. ಅಷ್ಟರೊಳಗೆ ಅದು ಏನೆಂದು ನನಗೆ ತಿಳಿಯಲೇಬೇಕು. ತಿಳಿದ ಮೇಲೆ, ಅದು ನಿಜಕ್ಕೂ ಏನೋ ಆಗಿದ್ದರೆ, ಅಕ್ಕನಿಗೆ ಕೊಡುವುದೇ ಇಲ್ಲ. ಹೀಗೆ ನಿಶ್ಚಯಿಸಿ ಪೆಟ್ಟಿಗೆ ಕೆಳಗಿಳಿಸಿದೆ.

ಅವ್ವ, ಅಪ್ಪ ರಾಯಚೂರು ಕಡೆಯಿಂದ ಬೆಂಗಳೂರಿಗೆ ಗಾರೆ ಕೆಲಸ ಹುಡುಕಿಕೊಂಡು ಬಂದವರು. ಮರ್ಫಿ ಟೌನಿನ ವಠಾರವೊಂದರಲ್ಲಿ ಒಂದೇ ಕೋಣೆ ನಮ್ಮದು. ಅವರು ಕಟ್ಟಿದ ಮನೆಗಳು ಇಂದಿರಾನಗರದಲ್ಲಿ ಈಗಲೂ ಇವೆ, ಕೆಲವನ್ನು ಒಡೆದಿದ್ದಾರೆ. ಕೋಣೆಯ ಗೋಡೆಯಲ್ಲಿ ದೇವರ ಗೂಡು. ಪ್ರತಿ ಶುಕ್ರವಾರ ಅವ್ವ ದೀಪ, ಗಂಟೆ, ಪಂಚಪಾತ್ರೆ, ಕೊನೆಗೆ ಕಾಸು, ಎಲ್ಲವನ್ನೂ ಹುಣಸೆಹಣ್ಣು ಮತ್ತು ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಕಾಸಿನ ಒಂದು ಬದಿ ಮಾತ್ರ. ಆ ಬದಿಯಲ್ಲಿ ಇಬ್ಬರು ನಿಂತಿದ್ದಾರೆ, ನಡುವೆ ಒಂದು ಕಂಬ. ಅವ್ವನಿಗೆ ಅವರು ಗುಡಿಯ ಬಾಗಿಲಿನ ಎರಡು ಕಡೆ ನಿಲ್ಲುವ ದ್ವಾರಪಾಲಕರು, ನಡುವಿನದು ಗರುಡಗಂಬ. "ಇವರು ಬಾಗಲಾ ಕಾಯೋರು ಅದಾರ, ಆಟ ಆಡಬ್ಯಾಡ್ರಿ," ಎನ್ನುತ್ತಿದ್ದಳು. ಈ ಮಾತು ನನಗೆ ನೆನಪಿದೆ. ಅಥವಾ ಅಕ್ಕ ಅದನ್ನು ಎಷ್ಟೋ ಸಲ ಅಣಕಿಸಿ ಆಡಿದ್ದರಿಂದ ನನ್ನದಾಗಿದೆ. ಎರಡರಲ್ಲಿ ಯಾವುದೆಂದು ಹೇಳಲಾರೆ.

ಕಾಸು ಎಲ್ಲಿಂದ ಬಂತು ಎಂಬುದಕ್ಕೆ ಮಾತ್ರ ನನ್ನ ಬಳಿ ಗಟ್ಟಿಯಾದ ಚಿತ್ರವಿತ್ತು. ವಠಾರದ ಮುಂದೆ ಪೈಪು ಹಾಕಲು ಗುಂಡಿ ತೋಡಿದ್ದಾರೆ. ಅವ್ವ ಬಗ್ಗಿ ಒದ್ದೆ ಮಣ್ಣಿನಿಂದ ಏನನ್ನೋ ಎತ್ತುತ್ತಾಳೆ, ಸೆರಗಿನಲ್ಲಿ ಒರೆಸುತ್ತಾಳೆ. ಹಸಿ ಮಣ್ಣಿನ ವಾಸನೆ ಕೂಡ ಇದೆ ಆ ಚಿತ್ರದಲ್ಲಿ. ಅಕ್ಕನ ಕತೆ ಬೇರೆ. ಅವ್ವ ಹಲಸೂರು ಮಾರ್ಕೆಟ್ಟಿನಲ್ಲಿ ಹಿತ್ತಾಳೆ ದೀಪ ಕೊಂಡಳಂತೆ. ಮಾರುತ್ತಿದ್ದ ತಮಿಳು ಮುದುಕಿ, ದೀಪವನ್ನು ಬರಿದಾಗಿ ಕೊಡಬಾರದೆಂದು ಅದರೊಳಗೆ ಈ ಕಾಸು ಹಾಕಿ ಕೊಟ್ಟಳಂತೆ. "ಕರೂರಮ್ಮ ಅಂತಿದ್ರು ಅವಳನ್ನ. ಊರು ಕರೂರು. ಮೂಗಿಗೆ ಎರಡೂ ಕಡೆ ಬೊಟ್ಟು," ಎಂದು ಅಕ್ಕ ಯಾವಾಗಲೂ ಸೇರಿಸುತ್ತಾಳೆ. ಮೂಗುಬೊಟ್ಟು ಸೇರಿಸಿದರೆ ಸುಳ್ಳೂ ನಿಜದಂತೆ ಕಾಣುತ್ತದೆ ಎಂಬುದು ನನಗೆ ಗೊತ್ತು; ನಾನೂ ಬರೆಯುವವನೇ. ನಾನು ನನ್ನ ಗುಂಡಿಯನ್ನೇ ನಂಬಿದ್ದೆ.

ಹಗಲು ನನ್ನದು ಅಳೆಯುವ ಕೆಲಸ. ವಿಮಾನಪುರದ ಹತ್ತಿರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಯಂತ್ರದ ಬಿಡಿಭಾಗಗಳನ್ನು ಅಳೆದು, ಸರಿಯಿದ್ದರೆ ಮುದ್ರೆ ಒತ್ತುತ್ತೇನೆ, ಇಲ್ಲದಿದ್ದರೆ ಪಕ್ಕಕ್ಕೆ ಎಸೆಯುತ್ತೇನೆ. ಸೋಮವಾರ ಕಾಸನ್ನೂ ಹಾಗೇ ಅಳೆದೆ. ಹದಿನೇಳು ಮಿಲಿಮೀಟರಿನ ಆಸುಪಾಸು, ಸರಿಯಾದ ದುಂಡಲ್ಲ. ಈಗಿನ ಒಂದು ರೂಪಾಯಿಗಿಂತ ಚಿಕ್ಕದು. ತಿಕ್ಕಿದ ಬದಿ ಹೊಸ ತಾಮ್ರದ ತಂಬಿಗೆಯಂತೆ ಹೊಳೆಯುತ್ತಿತ್ತು, ಅದರ ಮೇಲೆ ಇಬ್ಬರು ಸವೆದು ಅಕ್ಕಿಕಾಳಿನಷ್ಟಾಗಿದ್ದರು. ಇನ್ನೊಂದು ಬದಿಯಲ್ಲಿ ಏನೂ ಕಾಣುತ್ತಿರಲಿಲ್ಲ. ಎಣ್ಣೆ, ಕುಂಕುಮ, ಮಸಿ ಸೇರಿ ಕಟ್ಟಿದ ಕಪ್ಪು ಹೆಪ್ಪು. ಅದು ಸದಾ ಕೆಳಗಿದ್ದ ಬದಿ. ಅಲ್ಲಿ ಏನಾದರೂ ಇರಬಹುದೆಂದು ನನಗೂ ಅನ್ನಿಸಲಿಲ್ಲ.

ತೆಳು ಕಾಗದವನ್ನು ಹೊಳೆಯುವ ಬದಿಯ ಮೇಲಿಟ್ಟು ಪೆನ್ಸಿಲ್ ಉಜ್ಜಿದೆ. ಕಣ್ಣಿಗೆ ಕಾಣದ್ದು ಕಾಗದದಲ್ಲಿ ಬಂತು. ಇಬ್ಬರ ಕೈಯಲ್ಲೂ ಈಟಿ. ಪಕ್ಕದಲ್ಲಿ ನೆಲಕ್ಕೆ ಊರಿದ ಗುರಾಣಿ. ಮೊಣಕಾಲಿನವರೆಗೆ ಮಾತ್ರ ಬರುವ, ನೆರಿಗೆಯ ಲಂಗದಂಥ ಉಡುಪು. ನಮ್ಮ ದ್ವಾರಪಾಲಕರು ಲಂಗ ತೊಡುವುದಿಲ್ಲ. ಊಟ ಮರೆತು ಮ್ಯೂಸಿಯಮ್ಮುಗಳ ಜಾಲತಾಣಗಳನ್ನು ಹುಡುಕತೊಡಗಿದೆ. ಇಬ್ಬರು ಸೈನಿಕರು, ನಡುವೆ ಸೇನೆಯ ಧ್ವಜಗಂಬ: ನಾಲ್ಕನೆಯ ಶತಮಾನದ ರೋಮನ್ ಚಕ್ರಾಧಿಪತ್ಯದ ಸಣ್ಣ ಕಂಚಿನ ನಾಣ್ಯಗಳಲ್ಲಿ ಇದೇ ಚಿತ್ರ ಮತ್ತೆ ಮತ್ತೆ. ನಂಬಲಿಲ್ಲ. ರೋಮನ್ ಎನ್ನುವುದು ನನಗೆ ಬೇಕಾಗಿದ್ದ ಉತ್ತರ. ಬೇಕಾದ ಅಳತೆಯೇ ಬಂದರೆ ಇನ್ನೊಮ್ಮೆ ಅಳೆಯಬೇಕು, ವರ್ಕ್‌ಶಾಪಿನಲ್ಲಿ ಅದು ನಿಯಮ.

ಮಂಗಳವಾರ ಸಂಜೆ ಶಿವಾಜಿನಗರಕ್ಕೆ ಹೋದೆ. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಹಳೆಯ ಗಡಿಯಾರ, ಹಳೆಯ ನಾಣ್ಯ ಮಾರುವವನೊಬ್ಬ ಇದ್ದಾನೆ. ಕಾಸನ್ನು ಅಂಗೈ ಮೇಲೆ ಕುಣಿಸಿ ನೋಡಿದ.

"ಮೈಸೂರ್ ಕಾಸು ಭಾಯ್. ಆನೆ ಇದೆ ನೋಡಿ."

"ಎಲ್ಲಿ ಆನೆ?"

"ಅರೇ, ಇದು ಒಂದ್ ಕಾಲು, ಇದು ಒಂದ್ ಕಾಲು, ನಡುವೆ ಸೊಂಡಿಲು."

"ಆನೆಗೆ ಎರಡೇ ಕಾಲಾ?"

"ಉಳಿದ ಎರಡು ಸವೆದೋಗಿದೆ," ಎಂದ, ಸ್ವಲ್ಪವೂ ಅಳುಕದೆ.

ರೋಮನ್ ಅಲ್ಲವೇ ಎಂದು ಕೇಳಿದೆ. ಅವನ ಮುಖ ಅರಳಿತು. "ರೋಮನ್ ಬೇಕಾ? ಮೊದಲೇ ಹೇಳ್ಬಾರ್ದಾ!" ಡಬ್ಬಿಯೊಂದನ್ನು ತೆಗೆದು ಗಾಜಿನ ಮೇಲೆ ಸುರಿದ. ಒಂದೇ ರಾಜನ ತಲೆಗಳು, ಹಸಿರು ಹಸಿರಾಗಿ. ನಾನು ಎರಡನ್ನು ಪಕ್ಕ ಪಕ್ಕ ಇಟ್ಟು ಭೂತಗನ್ನಡಿ ಹಿಡಿದೆ. ಎರಡರಲ್ಲೂ ರಾಜನ ಗಲ್ಲದ ಮೇಲೆ ಒಂದೇ ಜಾಗದಲ್ಲಿ ಒಂದೇ ಗೀರು. ಮೂರನೆಯದರಲ್ಲೂ ಅದೇ. ಅಂಚಿನ ಸುತ್ತ ಎರಡು ಅಚ್ಚು ಕೂಡಿದ ಗೆರೆ, ಅರದಿಂದ ಉಜ್ಜಿದ ಗುರುತು. ಎರಕ ಹೊಯ್ದ ನಕಲಿ ಮಾಲು.

"ಇವರೆಲ್ಲಾ ಒಂದೇ ಕ್ಷೌರಿಕನ ಹತ್ರ ಗಡ್ಡ ಮಾಡ್ಸಿದಾರೆ," ಎಂದೆ.

ಅವನು ನಕ್ಕುಬಿಟ್ಟ. "ನೀವು ತಗೊಳೋ ಪಾರ್ಟಿ ಅಲ್ಲ ಬಿಡಿ. ಚಾಯ್ ಕುಡೀರಿ."

ಚಹಾ ಕುಡಿಯುತ್ತಾ ನಮ್ಮ ಕಾಸಿನ ಅಂಚು ನೋಡಿದೆ. ಕೂಡುಗೆರೆ ಇಲ್ಲ. ಅರದ ಗುರುತಿಲ್ಲ. ಒಂದು ಕಡೆ ಬಿರುಕಿತ್ತು. ಏಟು ಬಿದ್ದಾಗ ಲೋಹ ಹಿಗ್ಗಿ ಸೀಳಿದಂಥ ಬಿರುಕು. ಅಂಥದ್ದನ್ನು ನಾನು ದಿನವೂ ನೋಡುತ್ತೇನೆ. ಇದನ್ನು ಯಾರೋ, ಹಳೆಯ ಕಾಲದ ಅಸಲಿ ನಾಣ್ಯದಂತೆ, ಸುತ್ತಿಗೆಯಿಂದ ಬಡಿದು ಮಾಡಿದ್ದಾರೆ. ಅಷ್ಟು ಸಾಕಾಗಿತ್ತು ಇಂದಿರಾನಗರಕ್ಕೆ ಹೋಗಲು.

ಇಂದಿರಾನಗರದಲ್ಲಿ ನನಗೆ ಸಂಜೆ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಟ್ಟಿದ್ದ ಮೇಡಂ ಇದ್ದಾರೆ. ನಿವೃತ್ತರಾಗಿ ವರ್ಷಗಳಾದರೂ ಪ್ರಶ್ನೆ ಕೇಳುವ ಅಭ್ಯಾಸ ಬಿಟ್ಟಿಲ್ಲ. ಬುಧವಾರ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಹೋದೆ. ಕಾಸನ್ನು ಬಿಳಿ ಟವಲ್ಲಿನ ಮೇಲಿಟ್ಟು ಅವರು ಮೊದಲು ನೋಡಿದ್ದು ನನ್ನನ್ನು.

"ಯಾರಯ್ಯ ಇದನ್ನ ಹೀಗೆ ಉಜ್ಜಿದ್ದು?"

"ನಮ್ಮವ್ವ, ಮೇಡಂ. ಹುಣಸೆಹಣ್ಣಲ್ಲಿ."

"ಎಷ್ಟು ವರ್ಷ?"

"ಪ್ರತಿ ಶುಕ್ರವಾರ."

"ಪಾಪ," ಎಂದರು. ಅವ್ವನಿಗೋ, ಸೈನಿಕರಿಗೋ ಗೊತ್ತಾಗಲಿಲ್ಲ. ನನ್ನ ಪೆನ್ಸಿಲ್ ಕಾಗದ ನೋಡಿ ತಲೆಯಾಡಿಸಿದರು. ಸೈನಿಕರು ಹೌದು, ಧ್ವಜಗಂಬ ಹೌದು, ಒಂದೇ ಕಂಬ. ಇದೇ ಮಾದರಿಯಲ್ಲಿ ಮೊದಮೊದಲು ಎರಡು ಧ್ವಜಗಂಬ ಇರುತ್ತಿದ್ದವು, ನಾಣ್ಯ ಚಿಕ್ಕದು ಮಾಡಿದಾಗ ಒಂದಕ್ಕೆ ಇಳಿಸಿದರು ಎಂದರು. ಆಮೇಲೆ ತಿರುಗಿಸಿ ಕಪ್ಪು ಬದಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಇದನ್ನ ಯಾಕೆ ಉಜ್ಜಲಿಲ್ಲ ನಿಮ್ಮ ತಾಯಿ?"

"ಅದು ಹಿಂದುಗಡೆ ಅಲ್ವಾ ಮೇಡಂ."

"ಇದೇ ಮುಂದುಗಡೆ ಕಣಯ್ಯ! ಇಲ್ಲಿ ರಾಜ ಇರ್ತಾನೆ. ಇಷ್ಟು ವರ್ಷ ಅವನನ್ನ ಕವುಚಿ ಹಾಕಿ, ಅವನ ಸಿಪಾಯಿಗಳಿಗೆ ಮಂಗಳಾರತಿ ಮಾಡಿದ್ದೀರಿ."

ಇಬ್ಬರೂ ನಕ್ಕೆವು. ನಗುವಿನ ನಡುವೆ ನನಗೆ ಹೊಳೆದದ್ದು ಬೇರೆ. ಪೂಜೆ ಸಿಕ್ಕ ಬದಿ ಸವೆದಿದೆ. ಕವುಚಿ ಬಿದ್ದ ಬದಿಯಲ್ಲಿ ಏನೋ ಉಳಿದಿರಬಹುದು.

"ಇಂಥದ್ದು ಸಾವಿರದ ಆರುನೂರು ವರ್ಷ ಹೇಗೆ ಉಳೀತು ಅಂದ್ಕೊಂಡೆ? ಮಣ್ಣಲ್ಲಿ ಬಿದ್ದಿತ್ತು, ಯಾರೂ ಮುಟ್ಟಲಿಲ್ಲ, ಅದಕ್ಕೆ," ಎಂದರು ಮೇಡಂ. "ನಮ್ಮ ಕೈಗೆ ಬಂದ ಮೇಲೇ ಹಾಳಾಗೋದು."

"ಇದು ಮರ್ಫಿ ಟೌನಿನ ಮಣ್ಣಲ್ಲಿ ಸಿಕ್ಕಿದ್ದು ಮೇಡಂ," ಎಂದೆ ಹೆಮ್ಮೆಯಿಂದ.

"ನೀನು ನೋಡಿದ್ಯಾ?"

"ನೋಡಿದ್ದೀನಿ."

ಅವರು ಕಾಸನ್ನು ಮತ್ತೆ ಟವಲ್ಲಿನ ಮೇಲಿಟ್ಟು ವಿವರಿಸಿದರು. ಈ ಊರಿನ ಸುತ್ತಮುತ್ತ ಹಿಂದೆ ರೋಮನ್ ನಾಣ್ಯ ಸಿಕ್ಕಿರುವುದುಂಟು, ಆದರೆ ಅವು ಬೆಳ್ಳಿಯವು, ಇದಕ್ಕಿಂತ ಬಹಳ ಹಿಂದಿನವು. ಇಂಥ ಸಣ್ಣ ಕಂಚಿನವು ಕೈಗೆ ಸಿಗುವುದು ತಮಿಳುನಾಡಿನ ನದಿಗಳ ಮರಳಿನಲ್ಲಿ, ಮರಳು ಜರಡಿ ಹಿಡಿಯುವವರಿಗೆ. "ಕರೂರು ಗೊತ್ತಾ? ಅಲ್ಲಿ ಹೊಳೆಯಲ್ಲಿ ತುಂಬಾ ಸಿಕ್ಕಿವೆ. ಸಂತೆಯಲ್ಲಿ ಪಾತ್ರೆ ವ್ಯಾಪಾರದವರ ಕೈಗೆ ಬರ್ತಿದ್ವು."

ಕರೂರು ಎಂದರು. ನಾನು ಆ ಹೆಸರನ್ನು ಅವರ ಮುಂದೆ ಎತ್ತಿರಲಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಗುಂಡಿಯನ್ನು ಮತ್ತೆ ನೆನಪು ಮಾಡಿಕೊಂಡೆ. ಗುಂಡಿ ಇತ್ತು, ಅದು ನಿಜ. ಪೈಪು ಹಾಕಿದ್ದು ನಿಜ. ಅವ್ವ ಬಗ್ಗಿ ಎತ್ತಿದ್ದೂ ನಿಜವಿರಬಹುದು. ಆದರೆ ಎತ್ತಿದ್ದು ಏನು? ಅವಳ ಅಂಗೈ ನನ್ನ ಚಿತ್ರದಲ್ಲಿ ಎಂದಾದರೂ ತೆರೆದಿತ್ತೇ? ಎಷ್ಟು ಸಲ ನೋಡಿದರೂ ಮುಷ್ಟಿ ಮುಚ್ಚಿಯೇ ಇತ್ತು. ಕಾಸನ್ನು ಅದರೊಳಗೆ ಇಟ್ಟವನು ನಾನೇ ಇರಬೇಕು. ಇರಬೇಕು, ಅಷ್ಟೇ. ನನ್ನ ಚಿತ್ರ ಸುಳ್ಳೆಂದು ಕಾಸು ಸಾಬೀತು ಮಾಡಲಿಲ್ಲ, ಅಕ್ಕನ ಕಡೆ ಸ್ವಲ್ಪ ವಾಲಿತು.

ಮೇಡಂ ಹೇಳಿದಂತೆ ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತಂದು ಬಟ್ಟಲಿನಲ್ಲಿ ಕಾಸನ್ನು ನೆನೆಹಾಕಿದೆ. ಹುಳಿ ಮುಟ್ಟಿಸಬೇಡ, ಲೋಹದ್ದೇನೂ ತಾಗಿಸಬೇಡ, ಅವಸರ ಮಾಡಬೇಡ ಎಂದಿದ್ದರು. ಮೊದಲೆರಡು ಪಾಲಿಸಿದೆ. ನೀರು ಕೆಂಪಾಯಿತು, ಬದಲಾಯಿಸಿದೆ, ಮತ್ತೆ ಕೆಂಪಾಯಿತು. ಅವ್ವನ ಕುಂಕುಮ ಬಿಡುತ್ತಿತ್ತು. ಇಲ್ಲಿ ನಾನು ಅತ್ತುಬಿಟ್ಟೆ ಎಂದು ಬರೆದರೆ ಓದುವವರಿಗೆ ಹಿಡಿಸುತ್ತದೆ. ಅಳಲಿಲ್ಲ. ಯಾವಾಗ ಪೂರ್ತಿ ಬಿಡುತ್ತದೋ ಎಂಬ ಸಿಡುಕು ಮಾತ್ರ ಇತ್ತು.

ಗುರುವಾರ ಸಂಜೆ ಬಿದಿರಿನ ಹಲ್ಲುಕಡ್ಡಿಯಿಂದ ಹೆಪ್ಪನ್ನು ಒಂದೊಂದೇ ಚೂರಾಗಿ ಎಬ್ಬಿಸಿದೆ. ಮೊದಲು ಬಂದದ್ದು ಮೂಗು. ಆಮೇಲೆ ಒಂದು ಕಣ್ಣು, ಮೇಲಕ್ಕೆ ನೋಡುತ್ತಿದ್ದ ದೊಡ್ಡ ಕಣ್ಣು. ಗದ್ದ. ಗಡ್ಡವಿಲ್ಲದ ಹುಡುಗು ಮುಖ. ಭುಜದ ಮೇಲೆ ಕವಚ. ಬಲಕ್ಕೆ ತಿರುಗಿದ್ದ. ಇಷ್ಟು ಕಾಲ ಅವ್ವನ ಗೂಡಿನ ಹಲಗೆಗೆ ಮುಖವೊತ್ತಿ ಮಲಗಿದ್ದವನು ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಎದ್ದ. ತಲೆಯ ಮೇಲೆ ಏನೋ ಕಟ್ಟಿದ್ದ. ಸುತ್ತಲಿನ ಅಕ್ಷರಗಳಲ್ಲಿ ಅರ್ಧಕ್ಕರ್ಧ ಇರಲೇ ಇಲ್ಲ.

ಫೋಟೋ ತೆಗೆದು ಮೇಡಂಗೆ ಕಳಿಸಿದೆ. ಕೂಡಲೇ ಫೋನ್ ಬಂತು. ಆ ಕಾಲದ ಚಕ್ರವರ್ತಿಗೆ ಮೂವರು ಮಕ್ಕಳು, ನಾಣ್ಯದಲ್ಲಿ ಮೂವರೂ ಅಣ್ಣತಮ್ಮಂದಿರು ಒಂದೇ ಥರ ಕಾಣುತ್ತಾರೆ, ಇವನು ಆ ಮೂವರಲ್ಲಿ ಒಬ್ಬ ಎಂದರು. "ಯಾರು ಅಂತ ಹೇಳೋಕಾಗಲ್ಲ. ಆದ್ರೆ ಇನ್ನೊಂದು ಹೇಳಬಹುದು. ತಲೆ ಮೇಲೆ ಏನಿದೆ ಸರಿಯಾಗಿ ನೋಡು. ಮುತ್ತಿನ ಪಟ್ಟಿ ಆದ್ರೆ ಸಾಮಾನ್ಯವಾಗಿ ಚಕ್ರವರ್ತಿ. ಎಲೆ ಕಿರೀಟ ಆದ್ರೆ ಇನ್ನೂ ಯುವರಾಜ, ಅಪ್ಪ ಬದುಕಿದ್ದಾನೆ."

ನೋಡಿದೆ. ಮುತ್ತು. ಮತ್ತೆ ನೋಡಿದೆ, ಮುತ್ತೇ. ಚಕ್ರವರ್ತಿ ನಮ್ಮ ಮನೆಯಲ್ಲಿದ್ದ. ಅಕ್ಕನಿಗೆ ಹೇಳಬೇಕಾದ ಮಾತುಗಳನ್ನು ಅಲ್ಲೇ ಜೋಡಿಸಿಕೊಂಡೆ: ಇದನ್ನು ಸಿಮೆಂಟಿನಲ್ಲಿ ಹೂಳುವುದು ತಪ್ಪು, ಬೇರೆ ಯಾವುದಾದರೂ ತಾಮ್ರದ ಕಾಸು ಹಾಕೋಣ, ಅವ್ವ ಹಾಗೆ ಹೇಳಿದ್ದಳೆಂದು ನಿನಗೆ ಅನ್ನಿಸಿದೆ, ಅಷ್ಟೇ.

ಶುಕ್ರವಾರ ಬೆಳಿಗ್ಗೆ. ಪೂರ್ವಕ್ಕೆ ಮುಖ ಮಾಡಿದ ಬಾಗಿಲು. ಎಳೆಬಿಸಿಲು ಓರೆಯಾಗಿ ಬಂದು ರಾಜನ ಮುಖವನ್ನು ಬೆಳಗಿತು ಎಂದು ಬರೆಯಲು ಕೈ ಹಾತೊರೆಯುತ್ತದೆ. ಮೋಡ ಕವಿದಿತ್ತು. ಚೌಕಟ್ಟಿಗೆ ಮಾವಿನೆಲೆ ಕಟ್ಟಿ, ಅರಿಶಿನ ಹಚ್ಚಿ ಗೋಡೆಗೆ ಒರಗಿಸಿದ್ದರು. ಮೇಸ್ತ್ರಿ ಬಾಂಡ್ಲಿಯಲ್ಲಿ ಸಿಮೆಂಟ್ ಕಲಸುತ್ತಿದ್ದ. ಭಾವ ತೆಂಗಿನಕಾಯಿ ಹುಡುಕುತ್ತಿದ್ದರು.

"ಕೊಡು," ಅಕ್ಕ ಕೈ ಚಾಚಿದಳು.

"ಮೊದಲು ನೋಡು."

ಹೆಪ್ಪು ತೆಗೆದ ಬದಿಯನ್ನು ಮೇಲೆ ಮಾಡಿ ಅವಳ ಅಂಗೈಯಲ್ಲಿಟ್ಟೆ. ಅಕ್ಕ ಫೋನಿನ ಟಾರ್ಚ್ ಹಾಕಿ, ಬೆಳಕು ಅಡ್ಡಡ್ಡ ಬೀಳುವಂತೆ ಕೆಳಗೆ ಹಿಡಿದಳು. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಕ್ಕಿಯಲ್ಲಿ ಕಲ್ಲು ಹುಡುಕುವವರ ಅಭ್ಯಾಸವಿರಬೇಕು.

"ಅಯ್ಯೋ, ಮನುಷ್ಯ! ಇವನೆಲ್ಲಿದ್ದ?"

"ಹಿಂದೆ. ಇಷ್ಟು ದಿನಾನೂ. ರೋಮಿನ ಚಕ್ರವರ್ತಿ. ತಲೆ ಮೇಲೆ ಮುತ್ತಿನ ಪಟ್ಟಿ ನೋಡು."

"ಮುತ್ತಾ? ಎಲೆ ಕಣೋ ಅದು."

"ಮುತ್ತು."

"ಕಣ್ಣು ತೋರಿಸ್ಕೋ ಹೋಗು. ಕರಿಬೇವಿನ ಥರ ಜೋಡಿಜೋಡಿಯಾಗಿ ಎಲೆ. ತುದಿ ಚೂಪಾಗಿದೆ."

ಅವಳ ಕೈಯಿಂದ ಫೋನ್ ಕಿತ್ತುಕೊಂಡು, ಭೂತಗನ್ನಡಿ ಹಿಡಿದೆ. ಬೆಳಕನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿಸಿದೆ. ಎಲೆಗಳೇ. ನಾನು ಮುತ್ತೆಂದು ಎಣಿಸಿದ್ದು ಎಲೆಗಳ ನಡುವೆ ಉಳಿದಿದ್ದ ಹೆಪ್ಪಿನ ಚುಕ್ಕೆಗಳು. ನನಗೆ ಚಕ್ರವರ್ತಿ ಬೇಕಾಗಿದ್ದ, ಅದಕ್ಕೇ ಮುತ್ತು ಕಂಡಿತು.

"ಯುವರಾಜ," ಎಂದೆ. "ಅಪ್ಪ ಇನ್ನೂ ಇದ್ದಾಗಿನದು."

"ಹೆಸರೇನು?"

"ಮೂವರು ಅಣ್ಣತಮ್ಮಂದಿರಲ್ಲಿ ಒಬ್ಬ. ಯಾರು ಅಂತ ಗೊತ್ತಾಗಲ್ಲ."

"ಹಾಗಾದ್ರೆ ಮೂವರಿಗೂ ಸೇರ್ಸಿ ಅರಿಶಿನ ಹಾಕ್ತೀನಿ ಬಿಡು. ಎಲ್ಲಿಂದ ಬಂತಂತೆ ಇಲ್ಲಿಗೆ?"

ಹೇಳದೆ ಇರಬಹುದಿತ್ತು. "ಕರೂರು ಕಡೆ ಹೊಳೆಯಿಂದ ಇರಬಹುದು ಅಂತಾರೆ."

ಅಕ್ಕ ಗೆದ್ದವಳಂತೆ ಕುಣಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಬಾಂಡ್ಲಿ ಕಡೆ ನೋಡುತ್ತಾ, "ಮೂಗಿಗೆ ಎರಡೂ ಕಡೆ ಬೊಟ್ಟು ಇತ್ತು," ಎಂದಳು ಮೆಲ್ಲಗೆ.

"ಅಕ್ಕ, ಅವ್ವ ಅವತ್ತು ಏನಂದ್ಲು? ನಿನ್ನ ಮಾತಲ್ಲಿ ಬೇಡ. ಅವಳ ಮಾತಲ್ಲೇ ಹೇಳು."

ಅಕ್ಕ ಯೋಚಿಸಲಿಲ್ಲ. ಬೆಂಗಳೂರಿನ ಮಾತು ಕಳಚಿ ಬಿತ್ತು. "'ಇವರು ಬಾಗಲಾ ಕಾಯೋರು ಅದಾರವ್ವಾ. ನಮ್ಮ ಬಾಗಲಾ ಬಾಡಿಗೀದು, ಇವರಿಗೆ ಇಲ್ಲಿ ಏನ್ ಕೆಲಸ? ನಿಮ್ಮದು ಅಂತ ಒಂದ್ ಬಾಗಲಾ ಆದ್ರ ಅಲ್ಲಿ ನಿಂದರಸ್ರಿ.' ಅಷ್ಟೇ ಅಂದಿದ್ದು. ಆಮೇಲೆ ನಿನ್ನ ಕೈಗೆ ಒಂದೇಟು ಹಾಕಿದ್ಲು, ಬೆಲ್ಲಕ್ಕೆ."

ನನಗೆ ನೆನಪಾಗಲಿಲ್ಲ. ಈಗಲೂ ಆಗಿಲ್ಲ. ನೆನಪಾಯಿತು ಎಂದು ಬರೆದರೆ ಈ ಬರಹ ಇಲ್ಲಿಗೆ ಚೆನ್ನಾಗಿ ಮುಗಿಯುತ್ತದೆ, ಅದಕ್ಕೇ ಬರೆಯುವುದಿಲ್ಲ. ಕರೂರಿನ ವಿಷಯದಲ್ಲಿ ಸರಿಯಾದವಳು, ಎಲೆಯ ವಿಷಯದಲ್ಲಿ ಸರಿಯಾದವಳು, ಅವ್ವನ ಮಾತಿನಲ್ಲೂ ಸರಿಯಾಗಿರಲೇಬೇಕೆಂದೇನೂ ಇಲ್ಲ. ಆದರೆ ಎರಡೂ ಸಲ ತಪ್ಪಿದವನು ನಾನು. ಸಾಕ್ಷಿ ಹೇಳಲು ಇನ್ನು ನನ್ನ ಬಳಿ ಒಂದು ಮುಚ್ಚಿದ ಮುಷ್ಟಿ ಬಿಟ್ಟು ಬೇರೇನಿತ್ತು? ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಆಡಲಿಲ್ಲ.

"ಮೇಣದಬತ್ತಿ ಇದೆಯಾ?" ಎಂದೆ.

"ಯಾಕೆ, ಯುವರಾಜನ ಬರ್ತ್‌ಡೇನಾ?"

"ಸಿಮೆಂಟು ತಿನ್ನಬಾರದು ಇದನ್ನ."

ಮೇಸ್ತ್ರಿ ತಲೆಯೆತ್ತಿದ. "ಬೇಗ ಮಾಡಿ ಸಾರ್. ಹತ್ತೂವರೆಗೆ ರಾಹುಕಾಲ. ಇತ್ತ ಮಾಲೂ ಗಟ್ಟಿ ಆಗ್ತಾ ಇದೆ."

ಮೇಣ ಕರಗಿಸಿ ಎರಡೂ ಬದಿಗೆ ಹನಿಸಿದೆ. ಮೊದಲು ಹುಡುಗು ಮುಖದ ಮೇಲೆ, ಕಣ್ಣು, ಎಲೆ, ಅರ್ಧ ಅಕ್ಷರಗಳು ಮುಳುಗುವವರೆಗೆ. ಆಮೇಲೆ ಅಕ್ಕಿಕಾಳಿನಂಥ ಇಬ್ಬರ ಮೇಲೆ. ಬೆರಳು ಸುಟ್ಟಿತು. ಅಕ್ಕ ನವಧಾನ್ಯ ಹಾಕಿದಳು, ಪಂಚಲೋಹದ ಚೂರು ಹಾಕಿದಳು, ನನ್ನ ಕಡೆ ತಿರುಗಿದಳು.

"ಯಾವ ಕಡೆ ಮೇಲೆ? ಮುಖ ನೋಡಿದ ಮೇಲೆ ಕವುಚಿ ಹಾಕೋಕೆ ಮನಸ್ಸು ಬರಲ್ಲ ಕಣೋ."

"ಕವುಚಿದ್ದಕ್ಕೇ ಅವನು ಉಳಿದಿದ್ದು," ಎಂದೆ. "ಕಾಯೋರು ಮೇಲಿರಲಿ. ಅವ್ವ ಇಟ್ಟ ಹಾಗೇ."

ಬಗ್ಗಿ ನಾನೇ ಇಟ್ಟೆ. ಮೇಸ್ತ್ರಿ ಒಂದು ಕರಣೆ ಸಿಮೆಂಟ್ ಹಾಕಿ ಸವರಿದ, ಇನ್ನೊಂದು ಹಾಕಿದ. ನಾಲ್ಕು ಜನ ಸೇರಿ ಚೌಕಟ್ಟನ್ನು ಎತ್ತಿ ನಿಲ್ಲಿಸಿದರು. ತೂಗುಗುಂಡು ಬಿಟ್ಟು ನೋಡಿದೆ, ನೆಟ್ಟಗಿತ್ತು.

ಈಗ ಅಲ್ಲಿಗೆ ಹೋದಾಗ ಅಕ್ಕ, "ಮೆಟ್ಬೇಡ, ದಾಟು," ಎಂದು ಒಳಗಿನಿಂದಲೇ ಕೂಗುತ್ತಾಳೆ, ನನಗೆ ಗೊತ್ತಿಲ್ಲವೇನೋ ಎಂಬಂತೆ. ಶುಕ್ರವಾರ ಹೊಸ್ತಿಲಿನ ಪಕ್ಕ ಕೂತು ಅವ್ವನ ಅದೇ ದೀಪವನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾಳೆ. ಹುಳಿನೀರು ಹೊಸ್ತಿಲ ಮೇಲೆ ಹರಿದು ಅಂಗಳಕ್ಕೆ ಇಳಿಯುತ್ತದೆ. ಕೆಳಗೆ ಜಿನುಗುವುದಿಲ್ಲ. ಮೇಸ್ತ್ರಿ ಸಿಮೆಂಟನ್ನು ಚೆನ್ನಾಗಿಯೇ ಕಲಸಿದ್ದ.